ಐರಿಸ್ ಮಡಿಗೆ ಸುಣ್ಣ: ಒಂದು ಸಂಖ್ಯೆಯ ಮತ್ತು ಒಂದು ಅಯಾನಿನ ಚರಿತ್ರೆ

ಐರಿಸ್ ಬೆಳೆಸುವವರಿಗಾಗಿ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಪ್ರಕಟವಾದ ಕೈಪಿಡಿಗಳನ್ನು ತೆರೆದು ನೋಡಿದರೆ ಒಂದು ಸಲಹೆ ಪದೇ ಪದೇ ಕಾಣಸಿಗುತ್ತದೆ. ಗೆಡ್ಡೆ ಕೊಳೆಯುತ್ತಿದ್ದರೆ ಮಡಿಯಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ, ಗೆಡ್ಡೆಯ ಬೆನ್ನಿಗೆ ಬಿಸಿಲು ತಾಗುವಂತೆ ಮೇಲಾಗಿ ನೆಡಿ, ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕಿ. ಮೊದಲ ಎರಡು ಮಾತುಗಳಿಗೆ ವಿವರಣೆ ಬೇಕಿಲ್ಲ. ತೇವದಲ್ಲಿ ಯಾವುದು ತಾನೆ ಕೊಳೆಯುವುದಿಲ್ಲ? ಆದರೆ ಸುಣ್ಣ ಮಾಡುವ ಕೆಲಸವೇನು?

ಪ್ರಶ್ನೆ ಚಿಕ್ಕದಾಗಿ ಕಂಡರೂ ಅದರೊಳಗೆ ಒಂದು ತೊಡಕಿದೆ. ಮಣ್ಣಿಗೆ ಹಾಕುವ ಸುಣ್ಣಕಲ್ಲಿನ ಪುಡಿ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಕಾರ್ಬೊನೇಟ್ ಭಾಗ ಹೈಡ್ರೊಜನ್ ಅಯಾನುಗಳನ್ನು ಹಿಡಿದು ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಇದರಿಂದ ಮಣ್ಣಿನ ಹುಳಿ ಇಳಿಯುತ್ತದೆ, ಅಂದರೆ ಪಿಎಚ್ ಏರುತ್ತದೆ. ಕ್ಯಾಲ್ಸಿಯಂ ಭಾಗ ಮಣ್ಣಿನಲ್ಲೇ ಉಳಿದು ಬೇರಿಗೆ ಸಿಗುತ್ತದೆ. ಒಂದೇ ಹಿಡಿ ಪುಡಿಯಲ್ಲಿ ಎರಡು ಪರಿಣಾಮ. ಹಾಗಿರುವಾಗ ಗಿಡ ಚೇತರಿಸಿಕೊಂಡರೆ ಅದಕ್ಕೆ ಪಿಎಚ್ ಕಾರಣವೋ ಕ್ಯಾಲ್ಸಿಯಂ ಕಾರಣವೋ? ಒಂದನ್ನು ಬದಲಿಸುವಾಗ ಇನ್ನೊಂದನ್ನು ಸ್ಥಿರವಾಗಿ ಇಡಬೇಕೆಂದು ನಾವು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ಸುಣ್ಣ ಈ ನಿಯಮವನ್ನು ತನ್ನ ಸ್ವಭಾವದಿಂದಲೇ ಮುರಿಯುತ್ತದೆ. ಈ ಎರಡು ಎಳೆಗಳನ್ನು ಬಿಡಿಸಲು ವಿಜ್ಞಾನಕ್ಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಚರಿತ್ರೆಯೇ ಈ ಲೇಖನದ ವಸ್ತು.

ಐರಿಸ್ ನಮ್ಮ ಬಯಲುಸೀಮೆಯ ಹೂವಲ್ಲ, ತಂಪು ನಾಡಿನದು. ಭಾರತದಲ್ಲಿ ಅದನ್ನು ಸಮೃದ್ಧವಾಗಿ ನೋಡಬೇಕಾದರೆ ಕಾಶ್ಮೀರಕ್ಕೆ ಹೋಗಬೇಕು. ಅಲ್ಲಿ ಸಮಾಧಿಗಳ ಮೇಲೆ ಇದನ್ನು ನೆಡುವ ರೂಢಿಯಿದೆ. ತೋಟಗಳಲ್ಲಿ ಜನಪ್ರಿಯವಾದ 'ಗಡ್ಡದ ಐರಿಸ್' ಶುಂಠಿ, ಅರಿಶಿನಗಳಂತೆ ಅಡ್ಡಡ್ಡಲಾಗಿ ಬೆಳೆಯುವ ಕಾಂಡವನ್ನು ಪಡೆದಿದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ರೈಜೋಮ್ ಎಂದು ಹೆಸರು; ನಾವಿಲ್ಲಿ ಗೆಡ್ಡೆ ಎಂದೇ ಕರೆಯೋಣ. ಮೃದು ಕೊಳೆರೋಗ ತಗುಲಿದಾಗ ಎಲೆಗಳು ಬುಡದಿಂದ ಕಳಚಿ ಬೀಳುತ್ತವೆ. ಗೆಡ್ಡೆಯ ಸಿಪ್ಪೆ ಹಾಗೆಯೇ ಉಳಿದು ಒಳಗಿನ ತಿರುಳು ದುರ್ವಾಸನೆಯ ಗಂಜಿಯಾಗುತ್ತದೆ. ಗಟ್ಟಿಯಾಗಿದ್ದ ಅಂಗಾಂಶ ಗಂಜಿಯಾಗುವುದು ಹೇಗೆ ಎಂಬುದು ನಮ್ಮ ಕಥೆಯ ತಿರುಳೂ ಹೌದು.

ಅಳತೆಗೆ ಮುಂಚಿನ ಸುಣ್ಣ

ಸುಣ್ಣದ ಉಪಯೋಗ ಅದರ ವಿವರಣೆಗಿಂತ ಬಹಳ ಹಳೆಯದು. ಗಾಲ್ ಮತ್ತು ಬ್ರಿಟನ್ನಿನ ಜನ ಹೊಲಗಳಿಗೆ ಸುಣ್ಣಯುಕ್ತ ಮಣ್ಣನ್ನು, ಅಂದರೆ ಮಾರ್ಲನ್ನು ಹರಡುತ್ತಿದ್ದುದನ್ನು ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲಿಯೇ ದಾಖಲಿಸಿದ್ದಾನೆ. ಆದರೆ ಹುಳಿ ಮಣ್ಣು ಎಂಬ ಕಲ್ಪನೆಯನ್ನು ಮುಂದಿಟ್ಟು ವ್ಯವಸ್ಥಿತವಾಗಿ ವಾದಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ವರ್ಜೀನಿಯದ ಎಡ್ಮಂಡ್ ರಫಿನ್. ಹಂಫ್ರಿ ಡೇವಿಯ ಕೃಷಿ ರಸಾಯನ ಗ್ರಂಥವನ್ನು ಓದಿದ ರಫಿನ್, 1818ರಲ್ಲಿ ತನ್ನ ಬಡವಾದ ಹೊಲಗಳಿಗೆ ಹಳೆಯ ಕಪ್ಪೆಚಿಪ್ಪುಗಳಿಂದ ಕೂಡಿದ ಮಾರ್ಲನ್ನು ಹಾಕಿಸಿ ನೋಡಿದ. ಇಳುವರಿ ಏರಿತು. ಮಣ್ಣಿನ ಮೇಲೆ ಆಮ್ಲ ಸುರಿದಾಗ ನೊರೆ ಏಳದಿರುವುದನ್ನು ಕಂಡು ಅದರಲ್ಲಿ ಸುಣ್ಣವಿಲ್ಲವೆಂದು ತಿಳಿದ. ಪೈನ್ ಮರ, ಹುಳಿಸೊಪ್ಪಿನ ಜಾತಿಯ ಕಳೆಗಳು ಅಲ್ಲಿ ಸೊಕ್ಕಿ ಬೆಳೆಯುವುದನ್ನು ಕಂಡು ಮಣ್ಣು ಹುಳಿಯಾಗಿದೆಯೆಂದು ಊಹಿಸಿದ. 1832ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದ. ಈ ಸಾಧನೆಯ ಇನ್ನೊಂದು ಮುಖವನ್ನೂ ಹೇಳಬೇಕು. ಗುಂಡಿಗಳಿಂದ ಆ ಮಾರ್ಲನ್ನು ಅಗೆದು ಹೊತ್ತವರು ಅವನ ಗುಲಾಮರು. ರಫಿನ್ ಕೊನೆಯವರೆಗೂ ಗುಲಾಮಗಿರಿಯ ಕಟ್ಟಾ ಸಮರ್ಥಕನಾಗಿದ್ದ.

ಮಣ್ಣಿನಿಂದ ಸುಣ್ಣ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1850ರಲ್ಲಿ. ಇಂಗ್ಲೆಂಡಿನ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ರಸಾಯನತಜ್ಞ ಜೆ. ಥಾಮಸ್ ವೇ, ಮಣ್ಣು ತುಂಬಿದ ಕೊಳವೆಯ ಮೂಲಕ ಅಮೋನಿಯಂ ಸಲ್ಫೇಟಿನ ದ್ರಾವಣವನ್ನು ಇಳಿಬಿಟ್ಟ. ಕೆಳಗೆ ಬಂದ ನೀರಿನಲ್ಲಿ ಅಮೋನಿಯಂ ಇರಲಿಲ್ಲ, ಕ್ಯಾಲ್ಸಿಯಂ ಸಲ್ಫೇಟ್ ಇತ್ತು. ಮಣ್ಣು ಒಂದು ಅಯಾನನ್ನು ಹಿಡಿದಿಟ್ಟುಕೊಂಡು ಬದಲಿಗೆ ಇನ್ನೊಂದನ್ನು ಬಿಟ್ಟುಕೊಟ್ಟಿತ್ತು. ಜೇಡಿಮಣ್ಣಿನ ಕಣಗಳಿಗೆ ಋಣಾವೇಶವಿದ್ದು, ಅವು ಧನ ಅಯಾನುಗಳನ್ನು ತಮ್ಮ ಮೈಗೆ ಅಂಟಿಸಿಕೊಂಡಿರುತ್ತವೆ ಎಂದು ಇಂದು ನಾವು ವಿವರಿಸುತ್ತೇವೆ. ಹೆಚ್ಚು ಮಳೆ ಬೀಳುವ ಕಡೆ ಕ್ಯಾಲ್ಸಿಯಂ ತೊಳೆದುಹೋಗಿ ಆ ಜಾಗವನ್ನು ಹೈಡ್ರೊಜನ್ ಮತ್ತು ಅಲ್ಯೂಮಿನಿಯಂ ಅಯಾನುಗಳು ಆಕ್ರಮಿಸುತ್ತವೆ. ನಮ್ಮ ಮಲೆನಾಡು, ಕೊಡಗುಗಳ ಮಣ್ಣು ಹುಳಿಯಾಗಿರುವುದಕ್ಕೆ, ಅಲ್ಲಿನ ಕಾಫಿ ತೋಟಗಳಿಗೆ ಸುಣ್ಣ ಹಾಕುವುದಕ್ಕೆ ಇದೇ ಕಾರಣ.

ಗೊಬ್ಬರವೂ ಇದೇ ಕೆಲಸವನ್ನು ಮಾಡಬಲ್ಲದು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಆರಂಭವಾದ ಪಾರ್ಕ್ ಗ್ರಾಸ್ ಎಂಬ ಹುಲ್ಲುಗಾವಲಿನ ಪ್ರಯೋಗದಲ್ಲಿ ಕೆಲವು ತಾಕುಗಳಿಗೆ ವರ್ಷ ವರ್ಷವೂ ಅಮೋನಿಯಂ ಸಲ್ಫೇಟ್ ಹಾಕುತ್ತ ಬಂದರು. ಕಾಲಕ್ರಮೇಣ ಸುಣ್ಣ ಕಾಣದ ಆ ತಾಕುಗಳ ಪಿಎಚ್ 4ಕ್ಕಿಂತ ಕೆಳಗಿಳಿಯಿತು. ಹತ್ತಾರು ಬಗೆಯ ಗಿಡಗಳಿದ್ದಲ್ಲಿ ಬೆರಳೆಣಿಕೆಯ ಹುಲ್ಲುಗಳು ಮಾತ್ರ ಉಳಿದವು. 1903ರಿಂದ ತಾಕುಗಳ ಅರ್ಧ ಭಾಗಕ್ಕೆ ಕ್ರಮವಾಗಿ ಸುಣ್ಣ ಹಾಕಲು ತೊಡಗಿದ ಮೇಲೆ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಾಯಿತು.

ಬಿಯರ್ ಪ್ರಯೋಗಶಾಲೆಯಿಂದ ಬಂದ ಸಂಖ್ಯೆ

ಹುಳಿಯನ್ನು ಬಣ್ಣದಿಂದ ಗುರುತಿಸುವುದು ನಮ್ಮ ಮನೆಗಳಲ್ಲಿಯೂ ತಿಳಿದ ಸಂಗತಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಆರತಿಯ ಕೆಂಪು ನೀರು ಸಿದ್ಧ. ಅದಕ್ಕೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಆದರೆ 'ಹುಳಿ ಇದೆ' ಎನ್ನುವುದು ಬೇರೆ, 'ಹುಳಿ ಇಷ್ಟಿದೆ' ಎನ್ನುವುದು ಬೇರೆ. ಎರಡನೆಯದಕ್ಕೆ ಸಂಖ್ಯೆ ಬೇಕು.

ಆ ಸಂಖ್ಯೆ ಹುಟ್ಟಿದ್ದು ಹೊಲದಲ್ಲಲ್ಲ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಬಿಯರ್ ಕಂಪನಿಯೊಂದು ಸ್ಥಾಪಿಸಿದ್ದ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ. ಅಲ್ಲಿನ ರಸಾಯನ ವಿಭಾಗದ ಮುಖ್ಯಸ್ಥನಾಗಿದ್ದವನು, ನೈಟ್ರೊಜನ್ ಅಳತೆಯ ವಿಧಾನಕ್ಕೆ ಹೆಸರಾದ ಕೆಲ್ಡಾಲ್. ಅವನ ತರುವಾಯ ಆ ಸ್ಥಾನಕ್ಕೆ ಬಂದ ಎಸ್. ಪಿ. ಎಲ್. ಸೊರೆನ್‌ಸೆನ್ ಕಿಣ್ವಗಳ ಮೇಲೆ ಸಂಶೋಧನೆ ನಡೆಸುತ್ತಿದ್ದ. ಕಿಣ್ವದ ವೇಗ ಬೆರೆಸಿದ ಆಮ್ಲದ ಒಟ್ಟು ಪ್ರಮಾಣವನ್ನಲ್ಲ, ದ್ರಾವಣದಲ್ಲಿ ಬಿಡಿಯಾಗಿರುವ ಹೈಡ್ರೊಜನ್ ಅಯಾನುಗಳ ಸಾಂದ್ರತೆಯನ್ನು ಅವಲಂಬಿಸಿದೆಯೆಂದು ಅವನು ಕಂಡ. ಈ ಸಾಂದ್ರತೆ ಕೋಟ್ಯಂತರ ಪಟ್ಟು ಏರಿಳಿಯಬಹುದಾದ್ದರಿಂದ 1909ರಲ್ಲಿ ಅದರ ಲಾಗರಿದಮ್ಮನ್ನು ಚಿಹ್ನೆ ಬದಲಿಸಿ ಬಳಸಿದ. ಅದೇ ಪಿಎಚ್. ಒಂದು ಮಾನ ಇಳಿದರೆ ಹೈಡ್ರೊಜನ್ ಅಯಾನು ಹತ್ತು ಪಟ್ಟು ಹೆಚ್ಚಿದೆಯೆಂದು ಅರ್ಥ. ಹೈಡ್ರೊಜನ್ ವಿದ್ಯುದ್ವಾರದಿಂದ ಅಳೆದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಮಾನಕ್ಕೆ ಸುಮಾರು 59 ಮಿಲಿವೋಲ್ಟ್. ಕಿಣ್ವಗಳಿಗಾಗಿ ಹುಟ್ಟಿದ ಈ ಅಳತೆ ಮುಂದೆ ಗೆಡ್ಡೆ ಕೊಳೆಸುವ ಕಿಣ್ವಗಳನ್ನು ಅರಿಯಲೂ ನೆರವಾಯಿತು ಎಂಬುದನ್ನು ನೆನಪಿಡಿ.

ಅಮೆರಿಕದ ಮಣ್ಣುತಜ್ಞ ಎಲ್. ಜೆ. ಗಿಲೆಸ್ಪಿ 1916ರಲ್ಲಿ ಹೈಡ್ರೊಜನ್ ವಿದ್ಯುದ್ವಾರ ಮತ್ತು ಬಣ್ಣದ ಸೂಚಕಗಳಿಂದ ಮಣ್ಣಿನ ಪಿಎಚ್ ಅಳೆದ. ಅದೇ ದಶಕದ ಆರಂಭದಲ್ಲಿ, 1910ರಲ್ಲಿ, ಫ್ರೆಡರಿಕ್ ಕೊವಿಲ್ ಬ್ಲೂಬೆರಿಗೆ ಹುಳಿ ಮಣ್ಣೇ ಬೇಕು, ಸುಣ್ಣ ಹಾಕಿದರೆ ಅದು ಸೊರಗುತ್ತದೆ ಎಂದು ತೋರಿಸಿಕೊಟ್ಟಿದ್ದ. ಸುಣ್ಣ ಎಲ್ಲ ಗಿಡಗಳಿಗೂ ಹಿತ ಎಂಬ ನಂಬಿಕೆ ಅಲ್ಲಿಗೆ ಬಿದ್ದುಹೋಯಿತು. 1920ರ ಸುಮಾರಿಗೆ ಖನಿಜವಿಜ್ಞಾನಿ ಎಡ್ಗರ್ ವೆರಿ ಸೂಚಕಗಳ ಪುಟ್ಟ ಪೆಟ್ಟಿಗೆ ಹಿಡಿದು ಕಾಡುಮೇಡು ಸುತ್ತಿ, ಯಾವ ಗಿಡ ಯಾವ ಪಿಎಚ್‌ನಲ್ಲಿ ಬೆಳೆಯುತ್ತದೆಂದು ಪಟ್ಟಿ ಮಾಡಿದ. ಐರಿಸ್ ಕುಲದೊಳಗೇ ಈ ಭೇದವಿದೆ. ಗಡ್ಡದ ಐರಿಸ್ ತಟಸ್ಥಕ್ಕೆ ಹತ್ತಿರದ ಮಣ್ಣಿನಲ್ಲಿ ಸುಖವಾಗಿರುತ್ತದೆ, ಜಪಾನಿನ ಐರಿಸ್‌ಗೆ ಸುಣ್ಣ ಒಗ್ಗುವುದಿಲ್ಲ.

ಪಿಎಚ್ ಅಳೆಯುವುದು ಎಲ್ಲರ ಕೈಗೆಟುಕಿದ್ದು ನಿಂಬೆಹಣ್ಣಿನ ಕೃಪೆಯಿಂದ. ಕ್ಯಾಲಿಫೋರ್ನಿಯದ ಹಣ್ಣು ಬೆಳೆಗಾರರ ಸಂಘದ ಪ್ರಯೋಗಶಾಲೆಯಲ್ಲಿ ಗ್ಲೆನ್ ಜೋಸೆಫ್ ಎಂಬ ರಸಾಯನತಜ್ಞ ನಿಂಬೆರಸದ ಹುಳಿಯನ್ನು ಅಳೆಯಬೇಕಾಗಿತ್ತು. ಕೆಡದಂತೆ ರಸಕ್ಕೆ ಸೇರಿಸಿದ್ದ ಸಲ್ಫರ್ ಡೈಆಕ್ಸೈಡ್ ಲಿಟ್ಮಸ್ ಕಾಗದದ ಬಣ್ಣವನ್ನು ತೆಗೆಯುತ್ತಿತ್ತು, ಹೈಡ್ರೊಜನ್ ವಿದ್ಯುದ್ವಾರವನ್ನೂ ಕೆಡಿಸುತ್ತಿತ್ತು. ಉಳಿದದ್ದು ಗಾಜಿನ ವಿದ್ಯುದ್ವಾರ. ಅದರ ತತ್ತ್ವವನ್ನು ಕ್ರೆಮರ್ 1906ರಲ್ಲಿ ಕಂಡಿದ್ದ; 1909ರಲ್ಲಿ ಹೇಬರ್ ಮತ್ತು ಕ್ಲೆಮೆನ್ಸಿವಿಚ್ ಅದನ್ನು ಬೆಳೆಸಿದ್ದರು. ಆದರೆ ಗಾಜಿನ ರೋಧ ವಿಪರೀತ. ಅದರ ಮೂಲಕ ಹರಿಯುವ ವಿದ್ಯುತ್ತು ಸಾಧಾರಣ ಮಾಪಕವನ್ನು ಅಲುಗಿಸಲಾರದು. ಜೋಸೆಫನ ಗೆಳೆಯ ಆರ್ನಲ್ಡ್ ಬೆಕ್‌ಮನ್ ನಿರ್ವಾತ ಕೊಳವೆಗಳ ವರ್ಧಕವನ್ನು ಜೋಡಿಸಿ 1934ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಮರುವರ್ಷ ಪಿಎಚ್ ಮೀಟರ್ ಮಾರುಕಟ್ಟೆಗೆ ಬಂತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಪಿಎಚ್ ಹುಳಿಯ ತೀವ್ರತೆಯನ್ನು ಹೇಳುತ್ತದೆಯೇ ಹೊರತು ಅದರ ಸಂಗ್ರಹವನ್ನಲ್ಲ. ತಾಪಕ್ಕೂ ಉಷ್ಣಕ್ಕೂ ಇರುವ ಅಂತರದಂಥದೇ ಇದು. ಒಂದು ಲೋಟ ಬಿಸಿನೀರಿನ ಮತ್ತು ಒಂದು ಹಂಡೆ ಬಿಸಿನೀರಿನ ತಾಪ ಒಂದೇ ಇರಬಹುದು, ಆದರೆ ಆರಿಸಲು ಬೇಕಾಗುವ ತಣ್ಣೀರು ಒಂದೇ ಅಲ್ಲ. ಮರಳು ಮಣ್ಣು ಮತ್ತು ಜೇಡಿಮಣ್ಣು ಎರಡರದೂ ಪಿಎಚ್ 5.5 ಇದ್ದರೂ ಜೇಡಿಗೆ ಹೆಚ್ಚು ಸುಣ್ಣ ಬೇಕು. ಆದ್ದರಿಂದಲೇ ಮಣ್ಣು ಪರೀಕ್ಷಾಲಯಗಳು ಪಿಎಚ್‌ನ ಜೊತೆಗೆ ಬಫರ್ ದ್ರಾವಣ ಬಳಸಿ 'ಸುಣ್ಣದ ಅಗತ್ಯ'ವನ್ನು ಬೇರೆಯಾಗಿಯೇ ಲೆಕ್ಕ ಹಾಕುತ್ತವೆ.

ಶೆಲ್ಫರ್ಡಿನ ತೋಟ, ಲಂಡನ್ನಿನ ನಲ್ಲಿ ನೀರು

ಈಗ ಎರಡನೆಯ ಎಳೆಗೆ, ಕ್ಯಾಲ್ಸಿಯಂಗೆ ಬರೋಣ. ವಿಚಿತ್ರವೆಂದರೆ ಈ ಎಳೆಯ ಒಂದು ತುದಿ ಐರಿಸ್ ತೋಟದಲ್ಲಿಯೇ ಸಿಗುತ್ತದೆ.

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 1883ರಲ್ಲಿ ಶರೀರಕ್ರಿಯಾ ವಿಜ್ಞಾನದ ಮೊದಲ ಪ್ರಾಧ್ಯಾಪಕರಾದವರು ಮೈಕೇಲ್ ಫಾಸ್ಟರ್. ಕೇಂಬ್ರಿಜ್ ಸಮೀಪದ ಗ್ರೇಟ್ ಶೆಲ್ಫರ್ಡ್‌ನಲ್ಲಿ, ಸೀಮೆಸುಣ್ಣದ ಕಲ್ಲಿನ ಗುಡ್ಡದ ಮೇಲೆ ಅವರ ಮನೆ ಮತ್ತು ತೋಟ. ತುರ್ಕಿ ಮೊದಲಾದ ದೂರದ ನಾಡುಗಳಿಂದ ಐರಿಸ್‌ಗಳನ್ನು ತರಿಸಿ ಅವರು ಆ ಮಣ್ಣಿನಲ್ಲಿ ಬೆಳೆಸಿದರು, ಸಂಕರಗೊಳಿಸಿ ಹೊಸ ತಳಿಗಳನ್ನು ಪಡೆದರು. ಒಂದು ತಳಿಗೆ ಚಾರ್ಲ್ಸ್ ಡಾರ್ವಿನ್ನನ ಸೊಸೆಯ ಹೆಸರಿಟ್ಟರು. ಇಂದಿನ ದೊಡ್ಡ ಹೂವಿನ ತೋಟದ ಐರಿಸ್‌ಗಳ ವಂಶವೃಕ್ಷದಲ್ಲಿ ಅವರು ಆರಿಸಿ ತಂದ ಗಿಡಗಳಿಗೆ ಸ್ಥಾನವಿದೆ. 1907ರಲ್ಲಿ ಫಾಸ್ಟರ್ ತೀರಿಕೊಂಡ ಮೇಲೆ ಅವರ ಟಿಪ್ಪಣಿಗಳನ್ನು ಬಳಸಿಕೊಂಡು ಡಬ್ಲ್ಯು. ಆರ್. ಡೈಕ್ಸ್ 1913ರಲ್ಲಿ ಐರಿಸ್ ಕುಲದ ಬೃಹತ್ ಗ್ರಂಥವನ್ನು ಪ್ರಕಟಿಸಿದ. ಫಾಸ್ಟರ್ ಹೆಸರು ನಮ್ಮ ದೇಶದ ವಿಜ್ಞಾನ ಚರಿತ್ರೆಯಲ್ಲಿಯೂ ಬರುತ್ತದೆ. ಜಗದೀಶಚಂದ್ರ ಬೋಸರು ತೋರಿಸಿದ ವಕ್ರರೇಖೆಯನ್ನು ನೋಡಿ ಇದು ಸ್ನಾಯುವಿನ ಪ್ರತಿಕ್ರಿಯೆ, ಇದರಲ್ಲಿ ಹೊಸತೇನು ಎಂದು ಕೇಳಿ, ಅದು ತವರದ್ದೆಂದು ತಿಳಿದು ಅಚ್ಚರಿಪಟ್ಟವರು ಇವರೇ ಎಂದು ಬೋಸರ ಜೀವನಚರಿತ್ರೆಯಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ಬರೆದಿದ್ದಾರೆ.

ಫಾಸ್ಟರ್ 1878ರಲ್ಲಿ ಶರೀರಕ್ರಿಯಾ ವಿಜ್ಞಾನಕ್ಕೆಂದೇ ಒಂದು ಪತ್ರಿಕೆ ಸ್ಥಾಪಿಸಿದರು: 'ಜರ್ನಲ್ ಆಫ್ ಫಿಸಿಯಾಲಜಿ'. ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ತನ್ನ ಪ್ರಯೋಗಗಳನ್ನು ಪ್ರಕಟಿಸಿದ್ದು ಅದರಲ್ಲಿ. ಕಪ್ಪೆಯ ಹೃದಯವನ್ನು ದೇಹದಿಂದ ಬೇರ್ಪಡಿಸಿ ಉಪ್ಪಿನ ದ್ರಾವಣದಲ್ಲಿಟ್ಟರೂ ಅದು ಬಡಿಯುತ್ತಿರುತ್ತದೆಂದು 1882ರಲ್ಲಿ ಆತ ವರದಿ ಮಾಡಿದ. ಆಮೇಲೆ ತಿಳಿದ ಸಂಗತಿಯೆಂದರೆ, ದ್ರಾವಣವನ್ನು ಶುದ್ಧ ಆಸವಿತ ನೀರಿನಲ್ಲಿ ಮಾಡಿರಲಿಲ್ಲ, ನ್ಯೂ ರಿವರ್ ಕಂಪನಿ ಲಂಡನ್ನಿಗೆ ಪೂರೈಸುತ್ತಿದ್ದ ನಲ್ಲಿ ನೀರಿನಲ್ಲಿ ಮಾಡಲಾಗಿತ್ತು. ಆಸವಿತ ನೀರಿನಲ್ಲಿ ಮಾಡಿದ ದ್ರಾವಣದಲ್ಲಿ ಹೃದಯ ಬೇಗನೆ ನಿಂತುಹೋಯಿತು. ನಲ್ಲಿ ನೀರಿನಲ್ಲಿದ್ದ, ದಶಲಕ್ಷಕ್ಕೆ ಸುಮಾರು 38 ಭಾಗದಷ್ಟು ಕ್ಯಾಲ್ಸಿಯಂ ಹೃದಯವನ್ನು ನಡೆಸುತ್ತಿತ್ತು! 1883ರಲ್ಲಿ ರಿಂಗರ್ ಇದನ್ನು ವಿವರವಾಗಿ ಪ್ರಕಟಿಸಿದ. ಸುಣ್ಣವೆಂದರೆ ಮೂಳೆಗೆ, ಚಿಪ್ಪಿಗೆ ಬೇಕಾದ ಕಟ್ಟಡ ಸಾಮಗ್ರಿ ಎಂಬ ಎಣಿಕೆಯ ಜಾಗದಲ್ಲಿ, ಅದು ಜೀವಂತ ಅಂಗಾಂಶದ ಕೆಲಸಕ್ಕೇ ಬೇಕಾದ ಅಯಾನು ಎಂಬ ತಿಳಿವು ಬಂತು.

1900ರಲ್ಲಿ ಜರ್ಮನಿಯ ಕರ್ಟ್ ಹೆರ್ಬ್ಸ್ಟ್ ಮತ್ತೊಂದು ಹೆಜ್ಜೆ ಇಟ್ಟ. ಕಡಲ ಮುಳ್ಳುಚೆಂಡಿನ ಭ್ರೂಣಗಳನ್ನು ಕ್ಯಾಲ್ಸಿಯಂ ಇಲ್ಲದ ಸಮುದ್ರದ ನೀರಿನಲ್ಲಿಟ್ಟಾಗ ಅವುಗಳ ಕೋಶಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾದವು. ಕೋಶಗಳನ್ನು ಒಟ್ಟಿಗೆ ಹಿಡಿದಿಡುವುದರಲ್ಲಿಯೂ ಕ್ಯಾಲ್ಸಿಯಂಗೆ ಪಾತ್ರವಿದೆ ಎಂದಾಯಿತು. ಪ್ರಾಣಿಯ ಕೋಶಗಳಲ್ಲಿ ಈ ಅಂಟಿನ ಬಗೆ ಬೇರೆ, ಸಸ್ಯಗಳಲ್ಲಿ ಬೇರೆ. ಸಸ್ಯದ ಅಂಟನ್ನು ಈಗ ನೋಡೋಣ.

ಕೋಶಗಳ ನಡುವಿನ ಗಾರೆ

ಇಟ್ಟಿಗೆಗಳ ನಡುವೆ ಗಾರೆ ಇರುವಂತೆ ಸಸ್ಯಕೋಶಗಳ ನಡುವೆ ಪೆಕ್ಟಿನ್ ಎಂಬ ಪದಾರ್ಥವಿದೆ. ಅದನ್ನು 1825ರಲ್ಲಿ ಫ್ರಾನ್ಸಿನ ಹೆನ್ರಿ ಬ್ರಾಕನೊ ವಿವರಿಸಿದ. ಹಣ್ಣಿನ ಜಾಮ್ ಹೆಪ್ಪುಗಟ್ಟುವುದು ಇದರಿಂದಲೇ. ಶತಮಾನದ ಕೊನೆಯಲ್ಲಿ ಲೂಯಿ ಮಾಂಜಾಂ ರುಥೇನಿಯಂ ರೆಡ್ ಮೊದಲಾದ ಬಣ್ಣಗಳಿಂದ ಅಂಗಾಂಶವನ್ನು ರಂಜಿಸಿ, ಕೋಶ ಕೋಶಗಳ ನಡುವಿನ ಪದರ ಪೆಕ್ಟಿನ್ ವರ್ಗದ್ದೇ ಎಂದು ತೋರಿಸಿದ.

ಪೆಕ್ಟಿನ್ ಸರಪಳಿಯ ಉದ್ದಕ್ಕೂ ಋಣಾವೇಶದ ಗುಂಪುಗಳಿವೆ. ಎರಡು ಸರಪಳಿಗಳು ಪರಸ್ಪರ ವಿಕರ್ಷಿಸಬೇಕು. ನಡುವೆ ಎರಡು ಧನಾವೇಶವುಳ್ಳ ಕ್ಯಾಲ್ಸಿಯಂ ಬಂದು ಕುಳಿತರೆ ಎರಡನ್ನೂ ಹಿಡಿದುಕೊಳ್ಳುತ್ತದೆ. ಒಂದೇ ಧನಾವೇಶದ ಸೋಡಿಯಂನಿಂದ ಇದು ಆಗದು. 1973ರಲ್ಲಿ ಗ್ರಾಂಟ್, ರೀಸ್ ಮತ್ತು ಸಂಗಡಿಗರು ಇದಕ್ಕೊಂದು ಮಾದರಿ ಕೊಟ್ಟರು. ಮಡಿಕೆಯಾದ ಎರಡು ಸರಪಳಿಗಳ ನಡುವಿನ ಗೂಡುಗಳಲ್ಲಿ ಕ್ಯಾಲ್ಸಿಯಂ ಅಯಾನುಗಳು, ಮೊಟ್ಟೆಯ ಟ್ರೇಯಲ್ಲಿ ಮೊಟ್ಟೆಗಳಿರುವಂತೆ, ಸಾಲಾಗಿ ಕುಳಿತಿರುತ್ತವೆ. ಆದ್ದರಿಂದ ಇದಕ್ಕೆ 'ಮೊಟ್ಟೆಪೆಟ್ಟಿಗೆ ಮಾದರಿ' ಎಂದೇ ಹೆಸರು.

ಇದರ ಪರಿಣಾಮವನ್ನು ಪ್ರತಿಯೊಂದು ಅಡುಗೆಮನೆಯೂ ಬಲ್ಲದು. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ. ನೀರಿನ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಬಿಗಿಗೊಳಿಸುತ್ತದೆ. ಆಗ್ರಾದ ಪೇಠ ಮಾಡುವವರು ಬೂದುಗುಂಬಳದ ಹೋಳುಗಳನ್ನು ಸುಣ್ಣದ ನೀರಿನಲ್ಲಿ ನೆನೆಹಾಕುತ್ತಾರೆ. ಪಾಕದಲ್ಲಿ ಕುದಿಸಿದರೂ ಹೋಳು ಕರಗದೆ ಗರಿಯಾಗಿ ಉಳಿಯುತ್ತದೆ.

ಗಾರೆ ಕರಗಿಸುವ ಎರಡು ಉಪಾಯಗಳು

ಇಷ್ಟು ತಿಳಿದ ಮೇಲೆ ಕೊಳೆಯುವುದೆಂದರೆ ಏನೆಂದು ಕೇಳಬಹುದು. ಅಮೆರಿಕದ ವರ್ಮಾಂಟ್‌ನಲ್ಲಿ ಎಲ್. ಆರ್. ಜೋನ್ಸ್ 1901ರಲ್ಲಿ ಕ್ಯಾರೆಟ್ ಕೊಳೆಸುವ ಬ್ಯಾಕ್ಟೀರಿಯವನ್ನು ವರ್ಣಿಸಿದ. ಮರುವರ್ಷ ಹಾಲೆಂಡಿನ ಸಿ. ಜೆ. ಜೆ. ವಾನ್ ಹಾಲ್ ಕೊಳೆತ ಐರಿಸ್‌ನಿಂದ ಇಂಥದೇ ಜೀವಿಯನ್ನು ಬೇರ್ಪಡಿಸಿ, ಸಿಕ್ಕಿದ್ದನ್ನೆಲ್ಲ ತಿನ್ನುವುದೆಂಬ ಅರ್ಥದ ಹೆಸರಿಟ್ಟ. ಈ ಬಳಗ ಮುಂದೆ ಎರ್ವಿನಿಯ ಎನಿಸಿ, 1998ರ ನಂತರ ಪೆಕ್ಟೊಬ್ಯಾಕ್ಟೀರಿಯಂ ಎಂಬ ಹೆಸರಿನಲ್ಲಿ ನೆಲೆಗೊಂಡಿದೆ. ಬ್ಯಾಕ್ಟೀರಿಯಗಳನ್ನು ಸೋಸಿ ತೆಗೆದ ದ್ರವವೂ ಕ್ಯಾರೆಟ್ಟನ್ನು ಮೆತ್ತಗಾಗಿಸುತ್ತದೆ, ಅಂದರೆ ಕೆಲಸ ಮಾಡುವುದು ಅವು ಸ್ರವಿಸುವ ಕಿಣ್ವ ಎಂದು ಜೋನ್ಸ್ ತೋರಿಸಿದ. ಕಿಣ್ವ ಗಾರೆಯನ್ನು ಕರಗಿಸುತ್ತದೆ, ಕೋಶಗಳು ಬಿಡಿಯಾಗುತ್ತವೆ, ಅಂಗಾಂಶ ಗಂಜಿಯಾಗುತ್ತದೆ.

ಸುಣ್ಣ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ ಎಂಬ ಸರಳ ವಿವರಣೆ ಇಲ್ಲಿ ಕುಸಿಯುತ್ತದೆ. 1962ರಲ್ಲಿ ಸ್ಟಾರ್ ಮತ್ತು ಮೊರಾನ್ ಈ ಬ್ಯಾಕ್ಟೀರಿಯದ ಕಿಣ್ವ ಪೆಕ್ಟಿನ್ ಸರಪಳಿಯನ್ನು ನೀರು ಸೇರಿಸದೆಯೇ ತುಂಡರಿಸುವ ಬಗೆಯನ್ನು ವಿವರಿಸಿದರು. ಪೆಕ್ಟೇಟ್ ಲಯೇಸ್ ಎಂಬ ಈ ಕಿಣ್ವ ಅತ್ಯಂತ ಚುರುಕಾಗಿರುವುದು ಪಿಎಚ್ 8ರಿಂದ 9ರ ನಡುವೆ. ಅದರ ಕೆಲಸಕ್ಕೆ ಕ್ಯಾಲ್ಸಿಯಂ ಕೂಡ ಬೇಕು! ಮಡಿಗೆ ಹಾಕುವ ಸುಣ್ಣಕಲ್ಲಿನ ಪುಡಿ ತಟಸ್ಥಕ್ಕೆ ಹತ್ತಿರ ತರುವ ಪಿಎಚ್‌ನಲ್ಲಿ ಈ ಬ್ಯಾಕ್ಟೀರಿಯ ಸುಖವಾಗಿಯೇ ಬೆಳೆಯುತ್ತದೆ.

ಹಾಗಾದರೆ ಕ್ಯಾಲ್ಸಿಯಂ ಯಾರ ಪರ? ಪ್ರಯೋಗದಿಂದಲೇ ತೀರ್ಮಾನವಾಗಬೇಕಾದ ಪ್ರಶ್ನೆ ಇದು. 1984ರಲ್ಲಿ ಮೆಕ್‌ಗ್ವೈರ್ ಮತ್ತು ಕೆಲ್ಮನ್, ಕ್ಯಾಲ್ಸಿಯಂ ಹೆಚ್ಚಾಗಿರುವ ಆಲೂಗಡ್ಡೆಗಳಲ್ಲಿ ಎರ್ವಿನಿಯ ಕೊಳೆತದ ತೀವ್ರತೆ ಕಡಿಮೆಯಿರುವುದನ್ನು ಪ್ರಕಟಿಸಿದರು. ಕಿಣ್ವಕ್ಕೆ ಸ್ವಲ್ಪ ಕ್ಯಾಲ್ಸಿಯಂ ಸಾಕು. ಕೋಶಭಿತ್ತಿ ಬಿಗಿಯಾಗಲು ಹೆಚ್ಚು ಬೇಕು. ಒಟ್ಟು ಲಾಭ ಗೆಡ್ಡೆಗೆ. ಆದರೆ ಈ ಪುರಾವೆ ಆಲೂಗಡ್ಡೆಯದು. ಅದನ್ನು ಐರಿಸ್‌ಗೆ ಅನ್ವಯಿಸುವಾಗ ಇದು ಹೋಲಿಕೆಯಿಂದ ಬಂದ ಅನುಮಾನವೆಂಬುದನ್ನು ಮರೆಯಬಾರದು.

ಐರಿಸ್ ಬುಡವನ್ನು ಕೊಳೆಸುವ ಇನ್ನೊಂದು ಶತ್ರುವಿದೆ: ಸ್ಕ್ಲೀರೋಷಿಯಂ ರಾಲ್ಫ್‌ಸಿ ಎಂಬ ಶಿಲೀಂಧ್ರ. ಬುಡದಲ್ಲಿ ಬಿಳಿ ಬೂಷ್ಟು, ಅದರ ಮೇಲೆ ಸಾಸಿವೆಯಂಥ ಕಂದು ಕಾಳುಗಳು ಇದರ ಗುರುತು. ನಮ್ಮ ರೈತರಿಗೆ ಇದು ಹೊಸದಲ್ಲ, ಕಡಲೆಕಾಯಿ ಗಿಡದ ಬುಡ ಕೊಳೆಯುವುದು ಇದರಿಂದಲೇ. 1965ರಲ್ಲಿ ಬೇಟ್‌ಮನ್ ಮತ್ತು ಬೀರ್ ಈ ಶಿಲೀಂಧ್ರದ ತಂತ್ರವನ್ನು ಬಯಲಿಗೆಳೆದರು. ಅದು ಕಿಣ್ವದ ಜೊತೆಗೆ ಆಕ್ಸಾಲಿಕ್ ಆಮ್ಲವನ್ನೂ ಸ್ರವಿಸುತ್ತದೆ. ಆ ಆಮ್ಲ ಅಂಗಾಂಶದ ಪಿಎಚ್ ಅನ್ನು ಸುಮಾರು 4ಕ್ಕೆ ಇಳಿಸುತ್ತದೆ. ಈ ಶಿಲೀಂಧ್ರದ ಕಿಣ್ವಕ್ಕೆ ಹಿತವಾದ ಪಿಎಚ್ ಅದೇ. ಜೊತೆಗೆ ಆಕ್ಸಲೇಟ್ ಅಯಾನು ಪೆಕ್ಟಿನ್ನಿನಿಂದ ಕ್ಯಾಲ್ಸಿಯಂ ಕಿತ್ತು, ಕರಗದ ಕ್ಯಾಲ್ಸಿಯಂ ಆಕ್ಸಲೇಟ್ ಆಗಿಸುತ್ತದೆ. ಬಿಗಿ ಕಳೆದುಕೊಂಡ ಗಾರೆಯನ್ನು ಕಿಣ್ವ ಸುಲಭವಾಗಿ ಕರಗಿಸುತ್ತದೆ. ಸುಣ್ಣ ಮಾಡುವ ಎರಡೂ ಕೆಲಸಗಳನ್ನು ಒಂದೇ ಅಣು ತಿರುಗುಮುರುಗಾಗಿ ಮಾಡುತ್ತದೆ ನೋಡಿ!

ಎರಡು ಎಳೆಗಳು ಸೇರಿದ ಸೂತ್ರ

ಮಣ್ಣಿನಲ್ಲಿ ಪಿಎಚ್ ಮತ್ತು ಕ್ಯಾಲ್ಸಿಯಂಗಳ ಸಂಬಂಧವನ್ನು ಸೂತ್ರವಾಗಿ ಹೇಳಿದವನು ರಾಥಮ್‌ಸ್ಟೆಡ್‌ನ ಭೌತವಿಜ್ಞಾನಿ ಆರ್. ಕೆ. ಸ್ಕೋಫೀಲ್ಡ್. ಮಣ್ಣಿನ ಪಿಎಚ್ ಅಳೆಯುವಾಗ ಒಂದು ಪೀಡೆಯಿತ್ತು. ಬೆರೆಸುವ ನೀರಿನ ಪ್ರಮಾಣ ಬದಲಾದರೆ, ಮಣ್ಣಿನಲ್ಲಿ ಗೊಬ್ಬರದ ಲವಣ ಉಳಿದಿದ್ದರೆ, ಉತ್ತರವೂ ಬದಲಾಗುತ್ತಿತ್ತು. ಜೇಡಿಕಣದ ಮೇಲೆ ಹೈಡ್ರೊಜನ್ ಮತ್ತು ಕ್ಯಾಲ್ಸಿಯಂ ಜಾಗಕ್ಕಾಗಿ ಪೈಪೋಟಿ ನಡೆಸುತ್ತವೆ. ಒಂದು ಕ್ಯಾಲ್ಸಿಯಂನ ಜಾಗಕ್ಕೆ ಎರಡು ಹೈಡ್ರೊಜನ್. ಹಾಗಾಗಿ ದ್ರಾವಣ ತೆಳುವಾದರೂ ಗಟ್ಟಿಯಾದರೂ ಸ್ಥಿರವಾಗಿ ಉಳಿಯುವುದು ಪಿಎಚ್ ಅಲ್ಲ. ಹೈಡ್ರೊಜನ್ ಅಯಾನಿನ ಸಾಂದ್ರತೆಗೂ ಕ್ಯಾಲ್ಸಿಯಂ ಸಾಂದ್ರತೆಯ ವರ್ಗಮೂಲಕ್ಕೂ ಇರುವ ನಿಷ್ಪತ್ತಿ. ನಿಖರವಾಗಿ ಹೇಳುವುದಾದರೆ ಸಾಂದ್ರತೆಯ ಬದಲು ಅಯಾನುಗಳ ಸಕ್ರಿಯತೆಯನ್ನು ಬಳಸಬೇಕು. 1947ರಲ್ಲಿ ಸ್ಕೋಫೀಲ್ಡ್ ಈ ನಿಷ್ಪತ್ತಿ ನಿಯಮವನ್ನು ಮಂಡಿಸಿದ. ಲಾಗರಿದಮ್ ರೂಪದಲ್ಲಿ, ಪಿಎಚ್‌ನಿಂದ ಕ್ಯಾಲ್ಸಿಯಂನ ಅಂಥದೇ ಅಳತೆಯ ಅರ್ಧವನ್ನು ಕಳೆಯಬೇಕು. 1955ರಲ್ಲಿ ಸ್ಕೋಫೀಲ್ಡ್ ಮತ್ತು ಟೇಲರ್ ಇದಕ್ಕೆ ಕೊಟ್ಟ ಹೆಸರು 'ಸುಣ್ಣದ ವಿಭವ'. ಮಣ್ಣನ್ನು 0.01 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಕಲಸಿ ಅಳೆದರೆ ಕ್ಯಾಲ್ಸಿಯಂ ಸ್ಥಿರವಾಗಿರುತ್ತದೆ, ಪಿಎಚ್ ಅಲುಗಾಡುವುದಿಲ್ಲ ಎಂದು ಅವರು ಸೂಚಿಸಿದರು. ಅನೇಕ ಪ್ರಯೋಗಶಾಲೆಗಳು ಇಂದಿಗೂ ಈ ವಿಧಾನವನ್ನೇ ಅನುಸರಿಸುತ್ತವೆ. ನೀರಿನಲ್ಲಿ ಅಳೆದದ್ದಕ್ಕಿಂತ ಈ ಪಿಎಚ್ ಸಾಮಾನ್ಯವಾಗಿ ಅರ್ಧ ಮಾನದಷ್ಟು ಕಡಿಮೆ ಬರುತ್ತದೆ. ಆದ್ದರಿಂದ ಮಣ್ಣಿನ ಪಿಎಚ್ ವರದಿ ಓದುವಾಗ ಯಾವ ದ್ರಾವಣದಲ್ಲಿ ಅಳೆದದ್ದೆಂದು ಮೊದಲು ನೋಡಬೇಕು.

ಹಳೆಯ ಸಲಹೆಯನ್ನು ಈಗ ಓದುವ ಬಗೆ

ಈಗ ಕೈಪಿಡಿಯ ಮಾತಿಗೆ ಮರಳೋಣ. ಸುಣ್ಣ ಹಾಕಿ ಎಂಬ ಸಲಹೆ ತಪ್ಪಲ್ಲ, ಆದರೆ ಅದಕ್ಕೆ ಮಿತಿಗಳಿವೆ. ಮಣ್ಣು ಹುಳಿಯಾಗಿದ್ದರೆ ಸುಣ್ಣದಿಂದ ಗಿಡದ ಒಟ್ಟು ಆರೋಗ್ಯ ಸುಧಾರಿಸುತ್ತದೆ, ಕೋಶಭಿತ್ತಿಗೆ ಕ್ಯಾಲ್ಸಿಯಂ ಸಿಗುತ್ತದೆ. ಪಿಎಚ್ ಆಗಲೇ ತಟಸ್ಥವಾಗಿದ್ದು ಕ್ಯಾಲ್ಸಿಯಂ ಮಾತ್ರ ಬೇಕಾಗಿದ್ದರೆ ಜಿಪ್ಸಮ್ ಸರಿಯಾದ ವಸ್ತು. ಅದು ಕ್ಯಾಲ್ಸಿಯಂ ಸಲ್ಫೇಟ್, ಪಿಎಚ್ ಏರಿಸುವುದಿಲ್ಲ. ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದ ಮಾತ್ರಕ್ಕೆ ಅದು ಬೇಕಾದಲ್ಲಿಗೆ ತಲುಪುತ್ತದೆಂದೂ ಅಲ್ಲ. ಅದು ಗಿಡದಲ್ಲಿ ಬೇರಿನಿಂದ ಏರುವ ನೀರಿನೊಂದಿಗೆ ಸಾಗುತ್ತದೆ. ಒಮ್ಮೆ ಎಲೆ ಸೇರಿದರೆ ಅಲ್ಲಿಂದ ಬೇರೆಡೆಗೆ ಹೆಚ್ಚಾಗಿ ಹೋಗುವುದಿಲ್ಲ. ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದಾಗ ಟೊಮೇಟೊ ಕಾಯಿಯ ತುದಿ ಕಪ್ಪಾಗಿ ಕೆಡುವುದು ಈ ಕಾರಣದಿಂದ. ಇನ್ನು ಬ್ಯಾಕ್ಟೀರಿಯಕ್ಕೆ ಒಳಹೋಗಲು ಗಾಯ ಬೇಕು. ಉತ್ತರ ಅಮೆರಿಕದಲ್ಲಿ ಐರಿಸ್ ಕೊರೆಯುವ ಹುಳುವೇ ಆ ಬಾಗಿಲನ್ನು ತೆರೆಯುತ್ತದೆ. ಹುಳುವನ್ನೂ ನಿಂತ ನೀರನ್ನೂ ಬಿಟ್ಟು ಸುಣ್ಣವನ್ನೇ ನಂಬಿದರೆ ಪ್ರಯೋಜನವಿಲ್ಲ. ನಮ್ಮ ಶುಂಠಿಯ ಕೊಳೆರೋಗಕ್ಕೂ ಇದೇ ಮದ್ದೆಂದು ಭಾವಿಸಬೇಡಿ. ಅಲ್ಲಿನ ರೋಗಕಾರಕಗಳು ಬೇರೆ.

ಶಿಕ್ಷಕರು ಈ ಎರಡು ಎಳೆಗಳನ್ನು ಬಿಡಿಸುವ ಪ್ರಯೋಗವನ್ನು ತರಗತಿಯಲ್ಲಿಯೇ ಮಾಡಿಸಬಹುದು. ಒಂದೇ ಗಾತ್ರದ ಕ್ಯಾರೆಟ್ ಹೋಳುಗಳನ್ನು ನಾಲ್ಕು ಲೋಟಗಳಲ್ಲಿ ನೆನೆಹಾಕಿ. ಒಂದರಲ್ಲಿ ಆಸವಿತ ನೀರು. ಎರಡನೆಯದರಲ್ಲಿ ಅಡುಗೆ ಸೋಡಾ ಕರಗಿಸಿದ ನೀರು: ಪಿಎಚ್ ಏರಿದೆ, ಕ್ಯಾಲ್ಸಿಯಂ ಇಲ್ಲ. ಮೂರನೆಯದರಲ್ಲಿ ಜಿಪ್ಸಮ್ ಕಲಕಿ ತಿಳಿ ತೆಗೆದ ನೀರು: ಕ್ಯಾಲ್ಸಿಯಂ ಇದೆ, ಪಿಎಚ್ ಹೆಚ್ಚು ಬದಲಾಗಿಲ್ಲ. ನಾಲ್ಕನೆಯದರಲ್ಲಿ ಸುಣ್ಣದ ತಿಳಿನೀರು: ಎರಡೂ ಇವೆ. ಸುಣ್ಣದ ನೀರು ಕಣ್ಣಿಗೆ ಸಿಡಿಯದಂತೆ ಎಚ್ಚರ ವಹಿಸಿ. ಮರುದಿನ ಪ್ರತಿಯೊಂದನ್ನೂ ಅದರದೇ ನೀರಿನಲ್ಲಿ ಒಂದೇ ಅವಧಿ ಕುದಿಸಿ, ಒಂದೇ ತೂಕದ ಕೆಳಗೆ ಎಷ್ಟು ಅದುಮುತ್ತವೆಂದು ಅಳೆಯಿರಿ. ಸೋಡಾದ ಹೋಳು ಮತ್ತು ಜಿಪ್ಸಮ್ಮಿನ ಹೋಳುಗಳ ನಡುವಿನ ವ್ಯತ್ಯಾಸವನ್ನು ಮೊದಲು ಗಮನಿಸಲಿ. ಆಮೇಲೆ ಸುಣ್ಣದ ಹೋಳಿನ ಬಗ್ಗೆ ವಿದ್ಯಾರ್ಥಿಗಳೇ ವಾದಿಸಲಿ.

ಫಾಸ್ಟರ್ ಅವರ ತೋಟದ ಸೀಮೆಸುಣ್ಣದ ಮಣ್ಣಿನಲ್ಲಿ ಪಿಎಚ್ ಮತ್ತು ಕ್ಯಾಲ್ಸಿಯಂ ಬೇರ್ಪಡಿಸಲಾಗದಂತೆ ಬೆರೆತಿದ್ದವು. ಅವೆರಡನ್ನು ಬೇರೆ ಬೇರೆಯಾಗಿ ಕಾಣಲು ಬಿಯರ್ ಪ್ರಯೋಗಶಾಲೆಯ ಕಿಣ್ವ, ಕಪ್ಪೆಯ ಹೃದಯ, ನಿಂಬೆರಸ, ಕೊಳೆತ ಕ್ಯಾರೆಟ್ ಎಲ್ಲವೂ ಬೇಕಾದವು. ಒಂದು ಉಪಾಯ ಫಲಿಸಿತೆಂದರೆ ಅದರ ಕಾರಣ ತಿಳಿಯಿತೆಂದು ಅರ್ಥವಲ್ಲ. ಕಾರಣ ತಿಳಿದವನಿಗೆ ಮಾತ್ರ ಸುಣ್ಣವನ್ನು ಯಾವಾಗ ಹಾಕಬಾರದು ಎಂಬುದೂ ತಿಳಿದಿರುತ್ತದೆ.